ಡೋಲು ಬೇಕು, ಡೋಲಿನವನು ಬೇಡ

ಮೈಸೂರಿನ ಜಂಬೂಸವಾರಿಯಂಥ ಮೆರವಣಿಗೆಗಳಲ್ಲಿ ಆನೆ ಬರುವುದಕ್ಕೆ ಮೊದಲು ಜನಪದ ತಂಡಗಳು ಬರುತ್ತವೆ. ನಂಜನಗೂಡು, ತಿ. ನರಸೀಪುರ ಕಡೆಯ ತಮಟೆಯವರು, ಕಂಸಾಳೆಯವರು, ಉತ್ತರ ಕನ್ನಡದಿಂದ ಬಂದ ಸಿದ್ಧಿ ಡಮಾಮಿಯವರು ಬಿಸಿಲಿನಲ್ಲಿ ಕುಣಿಯುತ್ತ ಸಾಗುತ್ತಾರೆ. ರಸ್ತೆಯ ಎರಡೂ ಬದಿಯಲ್ಲಿ ಕುಳಿತ ನಾವು ಚಪ್ಪಾಳೆ ತಟ್ಟುತ್ತೇವೆ, ಮಕ್ಕಳನ್ನು ಹೆಗಲ ಮೇಲೆ ಎತ್ತಿ ತೋರಿಸುತ್ತೇವೆ. ಧ್ವನಿವರ್ಧಕದಲ್ಲಿ ವಿವರಣೆ ಬರುತ್ತದೆ: ಇದು ತಮಟೆ ತಂಡ, ಇದು ಸಿದ್ಧಿ ಜನಾಂಗದ ನೃತ್ಯ. ಅಷ್ಟೇ. ಸಂಜೆ ಅರಮನೆಯ ವೇದಿಕೆಯಲ್ಲಿ ನಡೆಯುವ ಸಂಗೀತ ಕಚೇರಿಯಲ್ಲಾದರೆ ಹಾಡಿದವರ ಹೆಸರು, ಅವರ ಗುರುವಿನ ಹೆಸರು, ಪಿಟೀಲಿನವರ, ಮೃದಂಗದವರ, ಹಿಂದೆ ತಂಬೂರಿ ಮೀಟುತ್ತ ಕುಳಿತವರ ಹೆಸರನ್ನೂ ಹೇಳುತ್ತಾರೆ. ಬೀದಿಯ ಡೋಲಿನವನಿಗೆ ಮಾತ್ರ ಅವನ ಜಾತಿಯ ಹೆಸರೇ ಹೆಸರು.

ಇದನ್ನು ಸಣ್ಣ ಮಾತೆಂದು ಬಿಡಲು ನಾವು ಸಿದ್ಧರಿಲ್ಲ. ವಾದ್ಯ ನುಡಿಸುವುದು ಬೇರೆ, ತಂಡ ಕಟ್ಟುವುದು ಬೇರೆ. ನುಡಿಸು ಎಂದಾಗ ನುಡಿಸಿ ನಿಲ್ಲಿಸು ಎಂದಾಗ ನಿಲ್ಲಿಸುವವನು ಆಳು. ಏನು ನುಡಿಸಬೇಕು, ಯಾರ ಮನೆ ಮುಂದೆ ನುಡಿಸಬೇಕು, ಎಷ್ಟು ಹಣಕ್ಕೆ ನುಡಿಸಬೇಕು, ಯಾವತ್ತು ನುಡಿಸಲಾರೆ ಎನ್ನಬೇಕು ಎಂಬುದನ್ನು ತಾನೇ ತೀರ್ಮಾನಿಸುವವನು ಕಲಾವಿದ. ನಮ್ಮ ನಾಡು ಮೊದಲನೆಯವನ ವಿಷಯದಲ್ಲಿ ಧಾರಾಳಿ. ಎರಡನೆಯವನು ಎದ್ದು ನಿಂತರೆ ಮುಖ ಸಿಂಡರಿಸುತ್ತದೆ.

ಹಳೇ ಮೈಸೂರಿನ ಹಳ್ಳಿಗಳಲ್ಲಿ ತಮಟೆ ಬಡಿಯುವುದು ಕಲೆ ಎನಿಸಿಕೊಳ್ಳುವ ಮೊದಲು ಬಿಟ್ಟಿ ಚಾಕರಿಯಾಗಿತ್ತು. ಮಾರಿಹಬ್ಬಕ್ಕೆ ಬಡಿಯಬೇಕು, ಹೆಣದ ಮುಂದೆ ಬಡಿಯಬೇಕು, ಊರಿಗೆ ಸುದ್ದಿ ಸಾರಲು ಬಡಿಯಬೇಕು. ಬರುವುದಿಲ್ಲ ಎಂದರೆ ದಂಡ. ದೇವರನ್ನು ಬೀದಿಗೆ ಕರೆದು ತರುವ ತಮಟೆ, ದೇವರು ಗುಡಿಯೊಳಗೆ ಹೋದ ಮೇಲೆ ಹೊರಗೇ ಉಳಿಯಬೇಕು. ನಂಜನಗೂಡು ತಾಲೂಕಿನ ಬದನವಾಳು ಈ ಸೀಮೆಯ ಊರೇ. 1920ರ ದಶಕದಲ್ಲಿ ಗಾಂಧೀಜಿ ಬಂದು ನೋಡಿದ ಖಾದಿ ಕೇಂದ್ರ ಇದ್ದ ಊರು ಎಂದು ಅದಕ್ಕೆ ಒಂದು ಹೆಸರು. 1993ರ ಮಾರ್ಚ್ 25ರಂದು ಮೂವರು ದಲಿತರನ್ನು ಕೊಚ್ಚಿ ಕೊಂದ ಊರು ಎಂದು ಇನ್ನೊಂದು ಹೆಸರು. ಸಿದ್ಧೇಶ್ವರ ದೇವಸ್ಥಾನದ ಜೀರ್ಣೋದ್ಧಾರ ಮತ್ತು ಪ್ರವೇಶದ ವಿಷಯದಲ್ಲಿ ಎದ್ದ ಜಗಳ ಅಲ್ಲಿಗೆ ಮುಟ್ಟಿತು. ಸತ್ತವರಲ್ಲಿ ಓದಿ ಕೆಲಸ ಹಿಡಿದವರಿದ್ದರು. ಊರ ಕೆಲಸಕ್ಕೆ ಬೇಕಾದವರು ಊರ ಬಾಗಿಲಲ್ಲಿ ಕಾಲಿಡುವಂತಿಲ್ಲ ಎಂಬ ಹಳೆಯ ನ್ಯಾಯವೇ ಅಲ್ಲಿ ಮಚ್ಚು ಹಿಡಿದದ್ದು.

2015ರ ಏಪ್ರಿಲಿನಲ್ಲಿ ರಂಗಕರ್ಮಿ ಪ್ರಸನ್ನ ಅದೇ ಬದನವಾಳಿನ ಪಾಳುಬಿದ್ದ ಖಾದಿ ಆವರಣದಲ್ಲಿ ಸತ್ಯಾಗ್ರಹ ಕೂತರು. ನಾಡಿನ ಎಷ್ಟೋ ಜನ ಅಲ್ಲಿಗೆ ಹೋದರು. ಕೈಯಿಂದ ಮಾಡಿದ ವಸ್ತುವಿಗೆ ಗೌರವ ಬರಬೇಕು, ಯಂತ್ರದ ಹುಚ್ಚು ಇಳಿಯಬೇಕು ಎಂಬ ಆ ಮಾತಿಗೆ ನಮ್ಮ ತಕರಾರಿಲ್ಲ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ನೂಲುವ ಕೈಗೆ, ನೇಯುವ ಕೈಗೆ ಸಿಕ್ಕ ಗೌರವ, ಚರ್ಮ ಹದ ಮಾಡಿ ಬಳೆಗೆ ಬಿಗಿದು ಹುಲ್ಲಿನ ಬೆಂಕಿಗೆ ಹಿಡಿದು ನಾದ ಏರಿಸುವ ಕೈಗೆ ಯಾವಾಗ ಸಿಕ್ಕಿತು? ತಮಟೆಯೂ ಕೈ ಉತ್ಪನ್ನವೇ. ಅದನ್ನು ಅಂಗಡಿಯ ಗಾಜಿನೊಳಗೆ ಇಟ್ಟು ಮಾರಲು ಆಗುವುದಿಲ್ಲ ಎಂಬುದೊಂದೇ ಕೊರತೆ.

ಹಾಗೆಂದು ಈ ಸೀಮೆ ತಂಡ ಕಟ್ಟಿದ್ದನ್ನು ಕಾಣದ ಸೀಮೆಯೇನಲ್ಲ. ಮಂಟೇಸ್ವಾಮಿಯ ನೀಲಗಾರರು ಇದೇ ನೆಲದವರು. ಒಬ್ಬ ಮುಮ್ಮೇಳದ ಗಾಯಕ ತಂಬೂರಿ ಹಿಡಿಯುತ್ತಾನೆ, ಜೊತೆಯವರು ದಮ್ಮಡಿ, ಗಗ್ಗರ ಹಿಡಿಯುತ್ತಾರೆ, ರಾತ್ರಿಯಿಡೀ ಕಥೆ ಸಾಗುತ್ತದೆ. ಕಥೆಯಾದರೂ ಯಾವುದು? ಕೊಳಕು ಮೈಯ, ಕೀಳೆನಿಸಿಕೊಂಡ ಜಂಗಮನೊಬ್ಬ ಬಸವಣ್ಣನ ಕಲ್ಯಾಣಕ್ಕೇ ಹೋಗಿ ಅಲ್ಲಿನ ಸಮಾನತೆಯನ್ನು ಒರೆಗೆ ಹಚ್ಚಿದ ಕಥೆ. ನೀಲಗಾರನಾಗಲು ದೀಕ್ಷೆ ಬೇಕು, ಆದರೆ ಮೇಲಿನವರ ಅಪ್ಪಣೆ ಬೇಡ. ಅವನ ಕಾವ್ಯ ಅವನದು, ಮೇಳ ಅವನದು. ದಮ್ಮಡಿಯನ್ನು ನೋಡಿದ ಯಾವ ಮುಸ್ಲಿಮನಿಗೂ ನಮ್ಮ ದಫ್ಪು ನೆನಪಾಗದೆ ಇರದು. ಒಂದು ಬಳೆ, ಒಂದು ಬದಿಗೆ ಚರ್ಮ, ಅದೇ ಕಟ್ಟು. ಇದೇ ನಂಜನಗೂಡು ತಾಲೂಕಿನ ದೇವನೂರಿನಿಂದ ಬಂದ ದೇವನೂರ ಮಹಾದೇವ ಈ ಸೀಮೆಯ ಮಾತಿನ ಲಯವನ್ನೇ ‘ಕುಸುಮಬಾಲೆ’ಯಲ್ಲಿ ಕನ್ನಡ ಗದ್ಯಕ್ಕೆ ತಂದರು. ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ತಮಟೆ ಮೊದಲ ಬಾರಿಗೆ ಬಡಿಯುವವನ ಸ್ವಂತ ಕೆಲಸಕ್ಕೆ ಮೊಳಗಿತು. ಊರ ಮಾರಿಗೆ ಬಡಿಯುವುದಿಲ್ಲ ಎಂದವರೇ ತಮ್ಮ ಮೆರವಣಿಗೆಗೆ ಬಡಿದರು. ಚರ್ಮ ಅದೇ, ಕೋಲು ಅದೇ. ಬದಲಾದದ್ದು ಅಪ್ಪಣೆ ಕೊಡುವವರು ಯಾರು ಎಂಬುದು.

ಈ ಬದಲಾವಣೆ ಒಬ್ಬ ವ್ಯಕ್ತಿಯ ಬದುಕಿನಲ್ಲಿ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಾದರೆ ಸಮುದ್ರದ ಆಚೆಯ ಒಂದು ಕಥೆ ಹೇಳಬೇಕು. ಬಹಳ ದೂರದ ಕಥೆಯೇನಲ್ಲ. ಮಂಗಳೂರಿನ ಹಂಚು ಹಡಗು ಹತ್ತಿ ಹೋಗಿ ಕೂತದ್ದು ಪೂರ್ವ ಆಫ್ರಿಕಾದ ಮನೆಗಳ ಮೇಲೆ. ಈ ಕಥೆಯ ಒಂದು ತುದಿ ಮುಂಬೈಯಲ್ಲೇ ಇದೆ.

1880ರ ಸುಮಾರಿಗೆ ಜಂಜಿಬಾರ್ ದ್ವೀಪದ ಫುಂಬಾ ಎಂಬ ಹಳ್ಳಿಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ತಂದೆತಾಯಿ ಒಳನಾಡಿನ ಕಡೆಯವರು, ಗುಲಾಮಗಿರಿಯ ಬದುಕು ಕಂಡವರು. ಮಗುವಿಗೆ ಇಟ್ಟ ಹೆಸರು ಮ್ತುಮ್ವಾ. ಸ್ವಾಹಿಲಿಯಲ್ಲಿ ಹಾಗೆಂದರೆ ಆಳು, ಗುಲಾಮ. ಹುಡುಗಿ ತಾಯಿಯಿಂದ ಮಡಕೆ ಮಾಡುವುದನ್ನು ಕಲಿತಳು. ತಲೆಯ ಮೇಲೆ ಮಡಕೆ ಹೊತ್ತು ಪೇಟೆಯ ಬೀದಿಗಳಲ್ಲಿ ಕೂಗುತ್ತ ಮಾರಿದಳು. ಆ ಕೂಗಿನಲ್ಲೇ ಕಂಠವಿತ್ತು. ಮಡಕೆ ಕೊಳ್ಳದವರೂ ನಿಂತು ಕೇಳುತ್ತಿದ್ದರಂತೆ.

ಆಗ ಜಂಜಿಬಾರಿನಲ್ಲಿ ಸಂಗೀತವೆಂದರೆ ತಾರಬ್. ಸುಲ್ತಾನ್ ಬರ್ಗಶ್ ತನ್ನ ಅರಮನೆಗಾಗಿ ಕೈರೋದಿಂದ ತರಿಸಿಕೊಂಡ ಸಂಗೀತ ಅದು. ಉದ್, ಕಾನೂನ್, ಪಿಟೀಲು, ಭಾಷೆ ಅರಬಿ, ಹಾಡುವವರು, ಕೇಳುವವರು ಇಬ್ಬರೂ ದೊಡ್ಡ ಮನೆಯ ಗಂಡಸರು. 1905ರಲ್ಲಿ ಅವರದೊಂದು ಸಂಗೀತ ಸಂಘವೂ ಹುಟ್ಟಿತು. ಗುಲಾಮ ಮೂಲದ ಮಡಕೆ ಮಾರುವ ಹೆಂಗಸಿಗೆ ಆ ಬಾಗಿಲು ತೆರೆಯುವ ಮಾತೇ ಇರಲಿಲ್ಲ. 1911ರ ಹೊತ್ತಿಗೆ ಆಕೆ ಹಳ್ಳಿ ಬಿಟ್ಟು ಪೇಟೆಗೆ ಬಂದಳು. ಅಲ್ಲಿ ಆ ಸಂಘದವನೇ ಆದ ಒಬ್ಬ ಉದ್ ವಾದಕ ಅವಳ ಕಂಠ ಕೇಳಿದ, ತನಗೆ ಗೊತ್ತಿದ್ದುದನ್ನು ಹೇಳಿಕೊಟ್ಟ. ಅರಬಿ ಉಚ್ಚಾರ ಕಲಿಸಿದ, ಜೊತೆಗಾರರನ್ನು ಪರಿಚಯಿಸಿದ. ಈ ಒಂದು ಕೆಲಸವನ್ನು ನಾವು ಗಮನಿಸಬೇಕು. ಅವನು ಅವಳನ್ನು ಮೆರವಣಿಗೆಗೆ ಕರೆಯಲಿಲ್ಲ. ವಿದ್ಯೆ ಕೊಟ್ಟ.

ಜೊತೆಗಾರರು ಸೇರಿದರು. ಸುಬೇತಿ ಬಿನ್ ಅಂಬರ್, ಬುದಾ ಬಿನ್ ಸ್ವೇದಿ, ಮ್ಬರೂಕ್, ಮಾಲಿಮ್ ಶಾಬಾನ್. ಕೊನೆಯವರ ಹೆಸರಿನ ಮುಂದಿನ ಮಾಲಿಮ್ ನಮ್ಮ ಮದರಸಗಳ ಮುಅಲ್ಲಿಮ್ ಪದವೇ. ತಂಡ ಸೇರುತ್ತಿದ್ದದ್ದು ಅವಳ ಮನೆಯಲ್ಲಿ, ಬಡವರು ವಾಸಿಸುವ ಙಂಬೋ ಕೇರಿಯಲ್ಲಿ. ಅಷ್ಟು ಹೊತ್ತಿಗೆ ಅವಳ ಹೆಸರೂ ಬದಲಾಗಿತ್ತು. ಆಳು ಎಂಬ ಹೆಸರು ಹೋಗಿ ಸಿತಿ ಎಂಬ ಹೆಸರು ಬಂದಿತ್ತು. ಅರಬಿಯಲ್ಲಿ ಅದಕ್ಕೆ ಒಡತಿ, ಗೌರವಾನ್ವಿತ ಹೆಣ್ಣು ಎಂದರ್ಥ. ಸಿತಿ ಬಿಂತಿ ಸಾದ್. ಅರಮನೆಯ ಸಂಗೀತವನ್ನು ಆಕೆ ಅರಬಿಯಿಂದ ಇಳಿಸಿ ಸ್ವಾಹಿಲಿಯಲ್ಲಿ ಹಾಡಿದಳು. ಪ್ರೇಮದ ಹಾಡುಗಳ ನಡುವೆಯೇ ನ್ಯಾಯಾಲಯದಲ್ಲಿ ಬಡವನಿಗೆ ಆದ ಅನ್ಯಾಯ, ಹೆಂಡತಿಯನ್ನು ಹೊಡೆಯುವ ಗಂಡ, ಹೆಣ್ಣೊಬ್ಬಳನ್ನು ಕೊಂದು ತಪ್ಪಿಸಿಕೊಂಡವನ ಸುದ್ದಿ ಎಲ್ಲವೂ ಹಾಡಾದವು. ಕೇರಿಯವರು ತಮ್ಮ ಊರಿನ ಸುದ್ದಿಯನ್ನು ಆ ಮನೆಯ ಅಂಗಳದಲ್ಲಿ ಕೇಳಿ ತಿಳಿಯುತ್ತಿದ್ದರು.

1928ರಲ್ಲಿ ಗ್ರಾಮಫೋನ್ ಕಂಪನಿ ಸಿತಿಯನ್ನೂ ಅವಳ ತಂಡವನ್ನೂ ಹಡಗು ಹತ್ತಿಸಿ ಮುಂಬೈಗೆ ಕರೆತಂದಿತು. ಪೂರ್ವ ಆಫ್ರಿಕಾದ ಸಂಗೀತ ಮಾರಾಟದ ತಟ್ಟೆಗೆ ಮೊದಲು ಇಳಿದದ್ದು ನಮ್ಮ ಮುಂಬೈಯಲ್ಲಿ. ಆ ತಟ್ಟೆಗಳು ಹತ್ತಾರು ಸಾವಿರ ಲೆಕ್ಕದಲ್ಲಿ ಮಾರಾಟವಾದವು. ಮುಂದಿನ ಕೆಲವೇ ವರ್ಷಗಳಲ್ಲಿ ಆಕೆಯೂ ಆಕೆಯ ಜೊತೆಗಾರರೂ ನೂರಾರು ಹಾಡುಗಳನ್ನು ತಟ್ಟೆಗೆ ಹಾಡಿದರು. ದೊಡ್ಡವರಿಗೆ ಹೊಟ್ಟೆಕಿಚ್ಚಾಯಿತು. ಅವಳ ರೂಪವನ್ನು, ಹುಟ್ಟನ್ನು ಹಂಗಿಸಿ ಹಾಡು ಕಟ್ಟಿದರು. ಆಕೆ ಹಾಡಿನಲ್ಲೇ ಉತ್ತರ ಕೊಟ್ಟಳು: ರೂಪ, ಕುಲ ನನಗಿಲ್ಲದಿದ್ದರೇನು, ಮಾತಿದೆ, ಬುದ್ಧಿಯಿದೆ ಎಂಬರ್ಥದ ಉತ್ತರ. 1950ರಲ್ಲಿ ತೀರಿಕೊಂಡಳು. ಸ್ವಾಹಿಲಿಯ ಮಹಾಕವಿ ಶಾಬಾನ್ ರಾಬರ್ಟ್ ಆಕೆಯ ಜೀವನಚರಿತ್ರೆ ಬರೆದ. ಅವಳ ಹಾಡು ಕೇಳಿ ಕಲಿತ ಬೀ ಕಿದುದೆ 2013ರಲ್ಲಿ ತೀರಿಕೊಳ್ಳುವವರೆಗೂ ಹಾಡಿದರು. 2002ರಲ್ಲಿ ಜಂಜಿಬಾರಿನಲ್ಲಿ ಒಂದು ಸಂಗೀತ ಶಾಲೆ ತೆರೆಯಿತು. ಅಲ್ಲಿ ಕಲಿತ ಹುಡುಗಿಯರು ಮುಂದೆ ಉದ್, ಪಿಟೀಲು ಹಿಡಿದು ತಂಡ ಕಟ್ಟಿದರು. ಹಾಗೆ ಹುಟ್ಟಿದ ಒಂದು ತಂಡದ ಹೆಸರಿನಲ್ಲಿ ಇವತ್ತಿಗೂ ಸಿತಿ ಇದ್ದಾಳೆ.

ಈ ಕಥೆಯಲ್ಲಿ ಬಚ್ಚಿಡಲಾಗದ ಒಂದು ಸಂಗತಿಯಿದೆ. ಸಿತಿಯ ತಂದೆತಾಯಿಯಂಥವರನ್ನು ಆಳಾಗಿ ಇಟ್ಟುಕೊಂಡವರು ಕಾಫಿರರಲ್ಲ, ಐದು ಹೊತ್ತು ನಮಾಜು ಮಾಡುವವರು. ಅಲ್ಲಿ ಗುಲಾಮಗಿರಿಯ ಕಾನೂನು ಹೋದದ್ದು 1897ರಲ್ಲಿ, ಅದೂ ಬ್ರಿಟಿಷರ ಒತ್ತಾಯಕ್ಕೆ. ಬಿಳಿಯರು ಅಟ್ಲಾಂಟಿಕ್ ದಾಟಿಸಿ ಮಾಡಿದ ಪಾಪವನ್ನು ಬಾಯ್ತುಂಬ ಹೇಳುವ ನಮ್ಮ ವಾಗ್ಮಿಗಳು ಹಿಂದೂ ಮಹಾಸಾಗರದ ಈ ಲೆಕ್ಕ ಬಂದಾಗ ಮಾತು ಬದಲಿಸುತ್ತಾರೆ. ನಾವು ಬದಲಿಸಬೇಕಾಗಿಲ್ಲ.

ಈಗ ನಮ್ಮ ಕಾಡಿಗೆ ಬರೋಣ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಗಳ ಸಿದ್ಧಿಗಳು ಅದೇ ಪೂರ್ವ ಆಫ್ರಿಕಾದ ಕಡೆಯಿಂದ ಹಡಗು ಹತ್ತಿಸಲ್ಪಟ್ಟವರ ಮಕ್ಕಳು. ಬಹಳಷ್ಟು ಜನ ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಮೂರು ಧರ್ಮ, ಒಂದೇ ಡಮಾಮಿಯ ಪೆಟ್ಟು. ಇನ್ನೊಂದು ದಾರಿಯಿಂದ ಬಂದ ಹಬಶಿಗಳು ವಿಜಯಪುರದ ಆದಿಲಶಾಹಿ ದರ್ಬಾರಿನಲ್ಲಿ ಮಂತ್ರಿಗಳಾಗಿದ್ದರು. ಇಖ್ಲಾಸ್ ಖಾನನ ಚಿತ್ರ ಇವತ್ತಿಗೂ ಇದೆ. ಇಥಿಯೋಪಿಯಾದಿಂದ ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹಮದ್‌ನಗರವನ್ನೇ ಆಳಿದ. ಆ ವೈಭವ ಪುಸ್ತಕಕ್ಕೆ ಸೇರಿತು. ಕಾಡಿನ ಸಿದ್ಧಿ ಮಾತ್ರ ಜಮೀನ್ದಾರನ ಅಡಿಕೆ ತೋಟದ ಆಳಾದ.

ಅವರಿಗೆ ಪ್ರತಿಭೆಯಿಲ್ಲವೇ? 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಜೊತೆಗೆ ನಿಂತಾಗ ಮಂಚಿಕೇರಿಯ ಸಿದ್ಧಿಗಳು ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿಯನ್ನು ಕನ್ನಡ ನಾಟಕ ಮಾಡಿ ಆಡಿದರು. ನೀನಾಸಮ್‌ನಲ್ಲಿ ಕಲಿತ ಗಿರಿಜಾ ಸಿದ್ಧಿ ಹಿಂದುಸ್ತಾನಿ ಗಾಯನ ಅಭ್ಯಾಸ ಮಾಡಿ ರಂಗದ ಮೇಲೆ ನಿಂತರು, ಪ್ರಶಾಂತ್ ಸಿದ್ಧಿ ಸಿನಿಮಾಕ್ಕೆ ಬಂದರು. ಒಂದು ಹಳ್ಳಿಯ ರಂಗಶಾಲೆ ಬಾಗಿಲು ತೆರೆದದ್ದಕ್ಕೆ ಇಷ್ಟು ಫಲ. ಸರ್ಕಾರದ ಕಥೆ ಕೇಳಿ. 1987ರಲ್ಲಿ ಕೇಂದ್ರ ಕ್ರೀಡಾ ಪ್ರಾಧಿಕಾರ, ಇವರ ಮೈಕಟ್ಟು ಪದಕ ತರುತ್ತದೆಂದು ಲೆಕ್ಕ ಹಾಕಿ, ಸಿದ್ಧಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಕಮಲಾ ಮಿಂಗೆಲ್ ಸಿದ್ಧಿಯಂಥವರು ರಾಷ್ಟ್ರಮಟ್ಟದಲ್ಲಿ ಗೆದ್ದೂ ತೋರಿಸಿದರು. 1993ರಲ್ಲಿ ಯೋಜನೆ ಮುಚ್ಚಿತು, ಮಕ್ಕಳು ಮನೆಗೆ ಹೋದರು. ಬದನವಾಳಿನಲ್ಲಿ ರಕ್ತ ಹರಿದ ವರ್ಷವೂ ಅದೇ. ಪರಿಶಿಷ್ಟ ಪಂಗಡ ಎಂಬ ಕಾಗದ ಸಿಗಲು 2003ರವರೆಗೆ, ವಿಧಾನ ಪರಿಷತ್ತಿನಲ್ಲಿ ಶಾಂತಾರಾಮ ಸಿದ್ಧಿಯವರ ರೂಪದಲ್ಲಿ ಒಂದು ಕುರ್ಚಿ ಸಿಗಲು 2020ರವರೆಗೆ ಕಾಯಬೇಕಾಯಿತು. ಪರಿಷತ್ತಿನಲ್ಲಿ ಕುರ್ಚಿ ಬಂತು, ಸಂಗೀತ ಶಾಲೆಯಲ್ಲಿ ಚಾಪೆ ಇನ್ನೂ ಬಂದಿಲ್ಲ.

ಗುಜರಾತಿನ ಸಿದಿಗಳನ್ನು ನೋಡಿ. ಬಾವಾ ಗೋರ್ ದರ್ಗಾದ ಫಕೀರರು ‘ಸಿದಿ ಗೋಮಾ’ ಎಂದು ತಮ್ಮದೇ ಹೆಸರಿನಲ್ಲಿ ತಂಡ ಕಟ್ಟಿ ದೇಶವಿದೇಶ ಸುತ್ತಿದ್ದಾರೆ. ಗೋಮಾ ಎಂಬುದು ಸ್ವಾಹಿಲಿಯ ‘ಙೋಮಾ’ದ ತಂಗಿ ಎನ್ನುತ್ತಾರೆ ಬಲ್ಲವರು, ಡೋಲಿಗೂ ಅದೇ ಪದ, ಕುಣಿತಕ್ಕೂ ಅದೇ ಪದ. ಭಾಷೆ ಮರೆತವರು ಡೋಲಿನ ಹೆಸರು ಮರೆಯಲಿಲ್ಲ. ಅಲ್ಲಿ ದರ್ಗಾ ಒಂದು ನೆಲೆ ಕೊಟ್ಟಿತು.

ಕರ್ನಾಟಕದಲ್ಲಿ ಏನು ಕೊಟ್ಟೆವು? 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟದ ಬಳಿ ಸುಡಾನಿನ ಒಬ್ಬನ ಕಾರು ಹಾಯ್ದು ಹೆಂಗಸೊಬ್ಬರು ಸತ್ತರು. ಅರ್ಧ ಗಂಟೆ ಬಿಟ್ಟು ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಗೆ ಅದರ ಗಂಧಗಾಳಿಯೂ ಗೊತ್ತಿರಲಿಲ್ಲ. ಗುಂಪು ಅವಳನ್ನು ಕಾರಿನಿಂದ ಎಳೆದು ಹೊಡೆಯಿತು, ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಇಟ್ಟಿತು. ಗುಂಪಿಗೆ ಸುಡಾನೂ ತಾಂಜಾನಿಯಾವೂ ಒಂದೇ, ಅಪರಾಧಿಯೂ ದಾರಿಹೋಕಳೂ ಒಂದೇ; ಕಪ್ಪು ಕಂಡರೆ ಸಾಕು. ಜಂಜಿಬಾರ್ ಇರುವುದು ಅದೇ ತಾಂಜಾನಿಯಾದಲ್ಲಿ. 1928ರಲ್ಲಿ ಹಾಡಲು ಬಂದ ಸಿತಿಯ ನಾಡಿನ ಹುಡುಗಿ 2016ರಲ್ಲಿ ಓದಲು ಬಂದಿದ್ದಳು. ಅದಾದ ಮೇಲೂ ನಮ್ಮ ಉತ್ಸವಗಳಲ್ಲಿ ‘ಆಫ್ರಿಕನ್ ಕುಣಿತ’ಕ್ಕೆ ಬೇಡಿಕೆ ಇಳಿದಿಲ್ಲ.

ಇಷ್ಟು ಹೇಳಿ ಬೆರಳನ್ನು ಬೇರೆಯವರ ಕಡೆಗೇ ತೋರಿಸಿ ಕೂತರೆ ಈ ಪತ್ರಿಕೆಯ ಓದುಗರು ನಮ್ಮನ್ನು ಕ್ಷಮಿಸಲಾರರು. ಶುಕ್ರವಾರದ ಖುತ್ಬಾದಲ್ಲಿ ಬಿಲಾಲರ ಹೆಸರು ಬಾರದ ಮಸೀದಿಯುಂಟೇ? ಕರಿಯ ಗುಲಾಮ ಕಾಬಾದ ಮೇಲೇರಿ ಅಜಾನ್ ಕೂಗಿದ್ದನ್ನು ಹೇಳುವಾಗ ನಮ್ಮ ಉಸ್ತಾದರ ಕಣ್ಣು ತುಂಬುತ್ತದೆ. ಒಳ್ಳೆಯದು. ಆದರೆ ಹಳಿಯಾಳದ ಸಿದ್ಧಿ ಮುಸ್ಲಿಮನ ಮಗನಿಗೆ ಹೆಣ್ಣು ಕೊಡುವ ಪ್ರಶ್ನೆ ಬಂದಾಗ ಆ ಕಣ್ಣು ಎತ್ತ ನೋಡುತ್ತದೆ? ಬಿಲಾಲರು ನಮಗೆ ಭಾಷಣಕ್ಕೆ ಬೇಕು, ಬೀಗತನಕ್ಕೆ ಬೇಡ. ಇದಕ್ಕೂ, ತಮಟೆ ಬೇಕು ತಮಟೆಯವನು ಬೇಡ ಎನ್ನುವ ಸವರ್ಣೀಯನ ನ್ಯಾಯಕ್ಕೂ ಏನು ವ್ಯತ್ಯಾಸ ಎಂದು ಯಾರಾದರೂ ನಮಗೆ ತಿಳಿಸಿಕೊಡಲಿ.

ಸಂಗೀತ ಹರಾಮು, ಆದ್ದರಿಂದ ಈ ಚರ್ಚೆಯೇ ಬೇಡ ಎನ್ನುವವರಿದ್ದಾರೆ. ನಾವು ಮುಫ್ತಿಗಳಲ್ಲ, ಫತ್ವಾ ಕೊಡಲು ಹೊರಟಿಲ್ಲ. ವಿದ್ವಾಂಸರಲ್ಲಿ ಈ ಬಗ್ಗೆ ಸಾವಿರ ವರ್ಷದ ಭಿನ್ನಾಭಿಪ್ರಾಯವಿದೆ. ಇಮಾಮ್ ಗಜ್ಜಾಲಿ ತಮ್ಮ ‘ಇಹ್ಯಾ’ದಲ್ಲಿ ಸಮಾ ಕುರಿತು ಒಂದು ಅಧ್ಯಾಯವನ್ನೇ ಬರೆದಿದ್ದಾರೆ. ಆದರೆ ಸಹೀಹ್ ಬುಖಾರಿಯಲ್ಲಿರುವ ಒಂದು ಪ್ರಸಂಗವನ್ನು ನೆನಪಿಸಬೇಕು. ಹಬ್ಬದ ದಿನ ಹಬಶಿಗಳು ಮದೀನಾದ ಮಸೀದಿಯಲ್ಲೇ ಈಟಿ ಗುರಾಣಿ ಹಿಡಿದು ಆಡಿದರು. ಪ್ರವಾದಿಯವರು ತಮ್ಮ ಹೆಗಲ ಮರೆಯಲ್ಲಿ ಆಯಿಶಾರಿಗೆ ತೋರಿಸಿದರು, ಆಕೆಗೆ ಸಾಕೆನಿಸುವವರೆಗೂ ನಿಂತರು. ಉಮರ್ ತಡೆಯಲು ಹೋದಾಗ ಅವರನ್ನು ಬಿಡು ಎಂದರು. ಮಸೀದಿಯ ಒಳಗೆ, ಗಮನಿಸಿ, ಹೊರಗಿನ ಬೀದಿಯಲ್ಲಲ್ಲ.

ಸರಿ, ಹರಾಮು ಎಂದೇ ಇಟ್ಟುಕೊಳ್ಳೋಣ. ಹಾಗಾದರೆ ನಮ್ಮ ಊರುಗಳಲ್ಲಿ ಮದುಮಗನ ಮೆರವಣಿಗೆಗೆ ಬ್ಯಾಂಡ್‌ಸೆಟ್ಟು ಕರೆಸುವವರು ಯಾರು? ಕ್ಲಾರಿನೆಟ್ಟು, ಕಾರ್ನೆಟ್ಟು ಊದಿ ತುಟಿ ಒಡೆದುಕೊಳ್ಳುವ ಆ ಮುದುಕರಲ್ಲಿ ನಮ್ಮವರೇ ಎಷ್ಟೋ ಜನ. ಮೆರವಣಿಗೆ ಮುಗಿಯುವವರೆಗೆ ಇನ್ನೊಂದು ಹಾಡು, ಇನ್ನೊಂದು ಹಾಡು ಎಂದು ನೋಟು ಹಾರಿಸಿದವರೇ, ಬಿರಿಯಾನಿಯ ಹೊತ್ತಿಗೆ ಬ್ಯಾಂಡಿನವರಿಗೆ ಕೊನೆಯ ಪಂಕ್ತಿ ತೋರಿಸುತ್ತಾರೆ. ಅವರ ದುಡಿಮೆ ಹರಾಮಾದರೆ ಕರೆಸಿ ಕೊಟ್ಟ ಹಣವೂ ಅದೇ ಲೆಕ್ಕಕ್ಕೆ ಬರಬೇಕಲ್ಲ? ಪಾಪವನ್ನು ಊದುವವನ ಕೊರಳಿಗೆ ಕಟ್ಟಿ, ಕೇಳಿದವನು ವುಜೂ ಮಾಡಿ ಪಾರಾಗುವ ಈ ಹಂಚಿಕೆ ಯಾವ ಕಿತಾಬಿನಲ್ಲಿದೆಯೋ ನಾವು ಕಾಣೆವು.

ಸಿತಿಗೆ ಬೇಕಾದದ್ದು ದಾನವಲ್ಲ. ಕಲಿಸಲು ಒಬ್ಬ ಮೇಷ್ಟ್ರು, ಸೇರಲು ಒಂದು ಮನೆ, ಜಾತಿ ಕೇಳದೆ ಜೊತೆಗೆ ಕೂರುವ ನಾಲ್ಕು ಜನ, ತಟ್ಟೆಯ ಮೇಲೆ ಅವಳದೇ ಹೆಸರು. ಇಷ್ಟನ್ನೂ ಕೊಡಲು ರಾಜ್ಯದಲ್ಲಿ ಸಂಸ್ಥೆಗಳಿಗೆ ಬರವಿಲ್ಲ. ಜಾನಪದ ಅಕಾಡೆಮಿಯಿದೆ, ಹಾವೇರಿ ಜಿಲ್ಲೆಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ಮೈಸೂರಿನಲ್ಲಿ ಸಂಗೀತ ವಿಶ್ವವಿದ್ಯಾಲಯವಿದೆ. ತಮಟೆಯನ್ನೂ ಡಮಾಮಿಯನ್ನೂ ಪರಂಪರೆಯವರೇ ಮೇಷ್ಟ್ರಾಗಿ ಸಂಬಳ ಪಡೆದು ಕಲಿಸುವ ಪಾಠಗಳು ಅಲ್ಲಿ ಬೇಕು. ಮೆರವಣಿಗೆಯ ಕರೆಯೋಲೆಯಲ್ಲಿ, ಧ್ವನಿವರ್ಧಕದಲ್ಲಿ ತಂಡದ ಪ್ರತಿಯೊಬ್ಬರ ಹೆಸರು ಬರಬೇಕು. ಇದಕ್ಕೆ ಬಜೆಟ್ಟೂ ಬೇಡ, ಒಂದು ಹಾಳೆ ಸಾಕು.

ಇನ್ನು ನಮ್ಮವರಿಗೆ. ಸರ್ಕಾರದ ಹಣ ಪಡೆದು ಕಟ್ಟಿದ ಶಾದಿಮಹಲುಗಳು ಊರೂರಿಗೆ ಇವೆ. ಮದುವೆಯ ತಿಂಗಳು ಕಳೆದರೆ ಬೀಗ ಹಾಕಿ ಇಲಿಗಳಿಗೆ ಬಿಟ್ಟಿರುತ್ತಾರೆ. ಅವುಗಳ ಬೀಗದ ಕೈ ಇರುವ ಕಮಿಟಿಯವರು ವಾರಕ್ಕೆ ಎರಡು ಸಂಜೆ ಒಂದು ಕೋಣೆಯನ್ನು ದಫ್ಪಿನ ಹುಡುಗರಿಗೆ, ಬ್ಯಾಂಡ್‌ಸೆಟ್ಟಿನವರಿಗೆ, ಪಕ್ಕದ ಕೇರಿಯ ತಮಟೆಯವರಿಗೆ ಅಭ್ಯಾಸಕ್ಕೆ ಬಿಟ್ಟುಕೊಡಲಿ. ಹಳಿಯಾಳ, ಮುಂಡಗೋಡದ ಜಮಾಅತಿನವರು ಸಿದ್ಧಿ ಹುಡುಗರನ್ನು ಕಮಿಟಿಯ ಕುರ್ಚಿಯಲ್ಲಿ ಕೂರಿಸಿ ಶುರು ಮಾಡಲಿ. ಯಾವ ಕಮಿಟಿ ಮೊದಲು ಬೀಗ ತೆಗೆಯಿತೆಂದು ತಿಳಿಸಿದರೆ, ಅಲ್ಲಿ ಅಭ್ಯಾಸಕ್ಕೆ ಕೂತವರ ಹೆಸರುಗಳನ್ನು ಅವರ ಒಪ್ಪಿಗೆ ಪಡೆದು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.